ತುಮರಿಯ ಬಸ್ ಲೆಕ್ಕ ನ್ಯೂಯಾರ್ಕಿನ ಕರಡು ಸೇರುವುದು ಹೇಗೆ?

2025ರ ನವೆಂಬರ್ 4ರಂದು ಕತಾರ್‌ನ ದೋಹಾದಲ್ಲಿ ವಿಶ್ವಸಂಸ್ಥೆಯ ಎರಡನೇ ವಿಶ್ವ ಸಾಮಾಜಿಕ ಅಭಿವೃದ್ಧಿ ಶೃಂಗಸಭೆ ಶುರುವಾಯಿತು. ಸಭೆ ಮೂರು ದಿನದ್ದು. ಅದರ ಮುಖ್ಯ ದಾಖಲೆಯಾದ ದೋಹಾ ರಾಜಕೀಯ ಘೋಷಣೆಗೆ ಮಾತ್ರ ಮೊದಲ ದಿನವೇ ಒಪ್ಪಿಗೆ ಬಿತ್ತು. ಚರ್ಚೆ ಮುಗಿಯುವ ಮೊದಲೇ ತೀರ್ಮಾನ ಬಂತಲ್ಲ ಎಂದು ಆಶ್ಚರ್ಯಪಟ್ಟವರಿದ್ದಾರೆ. ಆಶ್ಚರ್ಯಕ್ಕೆ ಕಾರಣವಿಲ್ಲ. ಆ ಪಠ್ಯವನ್ನು ಸದಸ್ಯ ದೇಶಗಳು ತಿಂಗಳುಗಟ್ಟಲೆ ನ್ಯೂಯಾರ್ಕಿನಲ್ಲಿ ಕೂತು ಸಾಲುಸಾಲಾಗಿ ತಿದ್ದಿ, ಸೆಪ್ಟೆಂಬರ್‌ನಲ್ಲೇ ಇತ್ಯರ್ಥ ಮಾಡಿಕೊಂಡಿದ್ದವು. ದೋಹಾದಲ್ಲಿ ನಡೆದದ್ದು ಮುದ್ರೆ ಒತ್ತುವ ಕೆಲಸ.

ಶಿವಮೊಗ್ಗದ ಸ್ತ್ರೀಶಕ್ತಿ ಗುಂಪು, ಸಾಗರದ ರೈತ ಸಂಘಟನೆ, ತೀರ್ಥಹಳ್ಳಿಯ ಆಶಾ ಕಾರ್ಯಕರ್ತೆಯರ ಸಂಘ ಇಂಥ ಸಭೆಗಳಲ್ಲಿ ಪಾಲ್ಗೊಳ್ಳಬೇಕೆಂದರೆ ಮೊದಲು ಅರ್ಥವಾಗಬೇಕಾದ ಸಂಗತಿ ಇದೇ. ಪಾಲ್ಗೊಳ್ಳುವುದೆಂದರೆ ಪಾಸ್‌ಪೋರ್ಟು, ವಿಮಾನ, ಕೊರಳಿಗೆ ಬ್ಯಾಡ್ಜು ಎಂಬ ಕಲ್ಪನೆ ನಮ್ಮಲ್ಲಿ ಗಟ್ಟಿಯಾಗಿದೆ. ಹಾಗೆ ಹೋಗಿಬಂದವರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಊರಿನ ಸಮಸ್ಯೆ ಯಾವ ಕಾಗದದಲ್ಲೂ ಬರುವುದಿಲ್ಲ. ಕರಡು ಇನ್ನೂ ಹಸಿಯಾಗಿರುವಾಗ, ಅದನ್ನು ತಿದ್ದುವವರ ಮೇಜಿನ ಮೇಲೆ ಊರಿನ ಒಂದು ಖಚಿತ ಲೆಕ್ಕ ಇರುವಂತೆ ಮಾಡುವುದು ಹೆಚ್ಚು ಫಲ ಕೊಡುವ ಕೆಲಸ. ಇದಕ್ಕೆ ಊರು ಬಿಡಬೇಕಾಗಿಲ್ಲ. ಆದರೆ ಶಿಸ್ತು ಬೇಕು, ಒಂದು ವರ್ಷದಷ್ಟು ಮುಂದಾಲೋಚನೆ ಬೇಕು.

ಮೂವತ್ತು ವರ್ಷದ ಹಿಂದಿನ ಒಂದು ವಾಕ್ಯ

ಮೊದಲ ಶೃಂಗಸಭೆ ನಡೆದದ್ದು 1995ರ ಮಾರ್ಚ್ 6ರಿಂದ 12ರವರೆಗೆ, ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ. 117 ದೇಶಗಳ ರಾಷ್ಟ್ರಾಧ್ಯಕ್ಷರು ಅಥವಾ ಪ್ರಧಾನಿಗಳು ಅಲ್ಲಿ ಸೇರಿದ್ದರು. ಬಡತನದ ನಿರ್ಮೂಲನೆ, ದುಡಿಯುವ ಎಲ್ಲರಿಗೂ ಉದ್ಯೋಗ, ಸಮಾಜದಲ್ಲಿ ಎಲ್ಲರನ್ನೂ ಒಳಗೊಳ್ಳುವುದು ಎಂಬ ಮೂರು ವಿಷಯ, ಹತ್ತು ಬದ್ಧತೆ. ಸಿದ್ಧತಾ ಸಮಿತಿಯ ಅಧ್ಯಕ್ಷರಾಗಿದ್ದ ಚಿಲಿಯ ಹುವಾನ್ ಸೊಮಾವಿಯಾ ಮುಂದೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ, ಅಂದರೆ ಐಎಲ್‌ಒದ, ಮಹಾನಿರ್ದೇಶಕರಾದರು.

ಕೋಪನ್‌ಹೇಗನ್ ಕಾರ್ಯಕ್ರಮದ 19ನೇ ಪ್ಯಾರಾ ಮಲೆನಾಡಿನವರಿಗೆ ಇವತ್ತಿಗೂ ಉಪಯೋಗಕ್ಕೆ ಬರುವಂಥದ್ದು. ಕಡುಬಡತನವೆಂದರೆ ಆಹಾರ, ಕುಡಿಯುವ ನೀರು, ಶೌಚಾಲಯ, ಆರೋಗ್ಯ, ವಸತಿ, ಶಿಕ್ಷಣ, ಮಾಹಿತಿ ಇವುಗಳ ತೀವ್ರ ಕೊರತೆ. ಅದು ಆದಾಯವನ್ನಷ್ಟೇ ಅಲ್ಲ, ಸಾಮಾಜಿಕ ಸೇವೆಗಳು ಕೈಗೆಟುಕುತ್ತವೆಯೇ ಎಂಬುದನ್ನೂ ಅವಲಂಬಿಸಿದೆ ಎಂದು ಅಲ್ಲಿ ಬರೆದಿದೆ. ಅಡಿಕೆ ಧಾರಣೆ ಚೆನ್ನಾಗಿದ್ದ ವರ್ಷ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತದೆ. ಆದರೂ ರಾತ್ರಿ ಹೆರಿಗೆ ನೋವು ಬಂದರೆ ಆಸ್ಪತ್ರೆ ಮುಟ್ಟಲು ಎರಡು ತಾಸು ಬೇಕು. ಹಾಗಿದ್ದರೆ ಆ ಮನೆ ಬಡತನದ ಯಾವ ಬದಿಯಲ್ಲಿದೆ? 19ನೇ ಪ್ಯಾರಾ ಅದಕ್ಕೆ ಉತ್ತರ ಹೇಳುತ್ತದೆ. ಒಮ್ಮೆ ಎಲ್ಲ ದೇಶಗಳೂ ಒಪ್ಪಿದ ಮಾತನ್ನು ಮುಂದಿನ ಕರಡಿನಲ್ಲಿ ಮತ್ತೆ ತರುವುದು ಸುಲಭ, ಹೊಸ ಮಾತು ಸೇರಿಸುವುದು ಬಹಳ ಕಷ್ಟ. ವಿಶ್ವಸಂಸ್ಥೆಯ ಮೊಗಸಾಲೆಯಲ್ಲಿ ಇದನ್ನು ‘ಒಪ್ಪಿತ ಭಾಷೆ’ ಎನ್ನುತ್ತಾರೆ. ನಿಮ್ಮ ಬೇಡಿಕೆಗೆ ಹಳೆಯ ಒಪ್ಪಿತ ಭಾಷೆಯೊಂದು ಆಧಾರವಾಗಿ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ.

ಕರಡು ಬೆಳೆಯುವ ಬಗೆ ಸರಿಸುಮಾರು ಎಲ್ಲ ಶೃಂಗಸಭೆಗಳಲ್ಲೂ ಒಂದೇ. ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ಅಧ್ಯಕ್ಷರು ಇಬ್ಬರು ರಾಯಭಾರಿಗಳನ್ನು ಸಹ ಸಂಚಾಲಕರನ್ನಾಗಿ ನೇಮಿಸುತ್ತಾರೆ; ದೋಹಾಕ್ಕೆ ಬೆಲ್ಜಿಯಂ ಮತ್ತು ಮೊರಾಕ್ಕೊ ದೇಶದವರಿದ್ದರು. ಅವರು ಮೊದಲು ವಿಷಯಗಳ ಟಿಪ್ಪಣಿ ಹಂಚುತ್ತಾರೆ. ಆಮೇಲೆ ‘ಶೂನ್ಯ ಕರಡು’ ಬರುತ್ತದೆ. ದೇಶಗಳು ಓದಿ ತಿದ್ದುಪಡಿ ಹೇಳುತ್ತವೆ. ಮೊದಲ ಪರಿಷ್ಕರಣೆ, ಎರಡನೆಯದು, ಹೀಗೆ ಸಾಗುತ್ತದೆ. ಕೊನೆಗೆ ಕರಡನ್ನು ‘ಮೌನ’ಕ್ಕೆ ಇಡುತ್ತಾರೆ: ನಿಗದಿತ ಗಡುವಿನೊಳಗೆ ಯಾವ ದೇಶವೂ ಆಕ್ಷೇಪ ಎತ್ತದಿದ್ದರೆ ಒಪ್ಪಿದಂತೆ. ಮೌನಂ ಸಮ್ಮತಿ ಲಕ್ಷಣಂ ಎಂಬ ನಮ್ಮ ಮಾತು ಅಲ್ಲಿ ನಡಾವಳಿಯ ನಿಯಮವೇ ಆಗಿದೆ.

ಸಂಘಸಂಸ್ಥೆಗಳಿಗೆ ಬಾಗಿಲು ತೆರೆದಿರುವುದು ಟಿಪ್ಪಣಿ ಮತ್ತು ಶೂನ್ಯ ಕರಡಿನ ಹಂತದಲ್ಲಿ. ಆಗ ಲಿಖಿತ ಅಭಿಪ್ರಾಯ ಕೇಳುತ್ತಾರೆ, ಆನ್‌ಲೈನ್ ಸಮಾಲೋಚನೆ ನಡೆಸುತ್ತಾರೆ. ಎರಡನೇ ಪರಿಷ್ಕರಣೆ ದಾಟಿದ ಮೇಲೆ ಹೊಸ ವಿಷಯ ಸೇರುವುದು ಅಪರೂಪ. ಆ ಹೊತ್ತಿಗೆ ಕಳಿಸಿದ ಇಪ್ಪತ್ತು ಪುಟದ ಮನವಿಯನ್ನು ಯಾರೂ ತೆರೆಯುವುದಿಲ್ಲ.

ಏನನ್ನು ಕಳಿಸುವುದು?

ಇಲ್ಲಿ ಹೆಚ್ಚಿನ ಪ್ರಯತ್ನಗಳು ಸೋಲುತ್ತವೆ. ‘ಮಲೆನಾಡು ನಿರ್ಲಕ್ಷ್ಯಕ್ಕೆ ಒಳಗಾಗಿದೆ’ ಎಂಬ ಮಾತು ನೂರಕ್ಕೆ ನೂರು ನಿಜವಿರಬಹುದು. ಕರಡು ತಿದ್ದುವವರಿಗೆ ಅದರಿಂದ ಏನೂ ಮಾಡಲಾಗುವುದಿಲ್ಲ. ಅವರಿಗೆ ಬೇಕಿರುವುದು ಎಷ್ಟರಲ್ಲಿ ಎಷ್ಟು ಎಂಬ ಲೆಕ್ಕ, ಮತ್ತು ಆ ಲೆಕ್ಕ ಈಗಿರುವ ಅಂಕಿಯಲ್ಲಿ ಕಾಣದ ಯಾವುದನ್ನು ತೋರಿಸುತ್ತದೆ ಎಂಬ ವಿವರಣೆ.

ದೋಹಾದಲ್ಲಿ ಕೇಂದ್ರ ಕಾರ್ಮಿಕ ಸಚಿವ ಮನ್ಸುಖ್ ಮಾಂಡವೀಯ ನೇತೃತ್ವದ ಭಾರತದ ನಿಯೋಗ ಒಂದು ಅಂಕಿಯನ್ನು ಮುಂದಿಟ್ಟಿತು: ಸಾಮಾಜಿಕ ರಕ್ಷಣೆಯ, ಅಂದರೆ ಪಿಂಚಣಿ, ವಿಮೆಯಂಥ ಸೌಲಭ್ಯಗಳ, ವ್ಯಾಪ್ತಿ 2015ರಲ್ಲಿ ಶೇ. 19 ಇದ್ದದ್ದು 2025ಕ್ಕೆ ಶೇ. 64.3ಕ್ಕೆ ಏರಿದೆ, ಸುಮಾರು 94 ಕೋಟಿ ಜನ. ಇದು ಐಎಲ್‌ಒ ಪರಿಶೀಲಿಸಿದ ಅಂಕಿ, ದೊಡ್ಡ ಸಾಧನೆ. ಇದರ ವ್ಯಾಖ್ಯೆಯನ್ನೂ ನೋಡಬೇಕು. ಕನಿಷ್ಠ ಒಂದು ಸೌಲಭ್ಯದ ವ್ಯಾಪ್ತಿಗೆ ಬಂದ ವ್ಯಕ್ತಿ ಲೆಕ್ಕಕ್ಕೆ ಸೇರುತ್ತಾನೆ. ಆ ಸೌಲಭ್ಯ ಸಾಕೇ, ಅದನ್ನು ಪಡೆಯಲು ಏನು ಖರ್ಚು ಬೀಳುತ್ತದೆ ಎಂಬುದು ಈ ಸೂಚಕದ ಕೆಲಸವಲ್ಲ. ಊರಿನ ಲೆಕ್ಕಕ್ಕೆ ಜಾಗ ಇರುವುದು ಇಲ್ಲೇ: ಹೆಸರಿಗೆ ಸಿಗುವುದಕ್ಕೂ ಕೈಗೆ ಸಿಗುವುದಕ್ಕೂ ನಡುವಿನ ಅಂತರದಲ್ಲಿ.

ಬಸ್ಸನ್ನೇ ತೆಗೆದುಕೊಳ್ಳೋಣ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಪ್ರಯಾಣ ಉಚಿತ. ಮಲೆನಾಡಿನ ಒಳದಾರಿಗಳಲ್ಲಿ ಓಡುವ ಬಸ್ಸುಗಳಲ್ಲಿ ಬಹಳಷ್ಟು ಖಾಸಗಿಯವು, ಅಲ್ಲಿ ಶೂನ್ಯ ಟಿಕೆಟ್ ಇಲ್ಲ. ಸಾಗರ ತಾಲ್ಲೂಕಿನ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಶರಾವತಿ ಹಿನ್ನೀರಿನ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು; ಹಿನ್ನೀರು ದಾಟಿಸುವ ಲಾಂಚ್ ಕಾಯುವ ಸಂಕಟ ತಪ್ಪಿತು. ಸೇತುವೆ ಬಂತು ಎಂದಾಕ್ಷಣ ಉಚಿತ ಬಸ್ಸೂ ಬಂತೇ? ಇದನ್ನು ಅಭಿಪ್ರಾಯವಾಗಿ ಹೇಳುವುದರ ಬದಲು ಎಣಿಸಬಹುದು. ಎಣಿಸುವ ಕ್ರಮ ಹೀಗೆ.

ಒಂದು ನಿಲ್ದಾಣ ಆರಿಸಿಕೊಳ್ಳಿ, ಆ ಹಿನ್ನೀರಿನಾಚೆಯ ತುಮರಿಯದೇ ಆಗಲಿ, ನಿಟ್ಟೂರಿನದೇ ಆಗಲಿ. ಏಳು ದಿನ ಸತತವಾಗಿ ಬೆಳಿಗ್ಗೆ 6ರಿಂದ ರಾತ್ರಿ 8ರವರೆಗೆ, ದಿನಕ್ಕೆ 14 ಗಂಟೆ. ಇಬ್ಬರು ಪಾಳಿಯಲ್ಲಿ ಏಳೇಳು ಗಂಟೆ ಕೂತರೆ ಸಾಕು. ಉದ್ದ ನೋಟ್‌ಬುಕ್ಕಿನಲ್ಲಿ ಆರು ಕಾಲಂ ಗೆರೆ ಎಳೆಯಿರಿ: ಬಸ್ ಬಂದ ಹೊತ್ತು, ಸರ್ಕಾರಿಯೋ ಖಾಸಗಿಯೋ, ಎಲ್ಲಿಗೆ, ಹತ್ತಿದ ಮಹಿಳೆಯರೆಷ್ಟು, ಅವರಲ್ಲಿ ದುಡ್ಡು ಕೊಟ್ಟು ಹೋಗುವವರೆಷ್ಟು, ಚಾರ್ಜೆಷ್ಟು. ಹತ್ತುವ ಮೊದಲು ಒಂದು ಮಾತು ಕೇಳಿದರೆ ಸಾಕು: ‘ಅಕ್ಕಾ, ಯಾವ ಕೆಲಸಕ್ಕೆ ಹೊರಟಿದ್ದು?’ ಆಸ್ಪತ್ರೆ, ಕೂಲಿ, ಬ್ಯಾಂಕು, ಶಾಲೆ ಎಂದು ಒಂದು ಅಕ್ಷರದ ಗುರುತು ಹಾಕಿಕೊಳ್ಳಿ. ಹೆಸರು, ಫೋನ್ ನಂಬರು ಬರೆದುಕೊಳ್ಳಬೇಡಿ. ಅದು ಬೇಕಿಲ್ಲ, ಬರೆದುಕೊಂಡರೆ ಜನ ಮಾತು ನಿಲ್ಲಿಸುತ್ತಾರೆ.

ಎಡವುವ ಜಾಗಗಳು ಗೊತ್ತಿರಲಿ. ಬೆಳಿಗ್ಗೆ ಹೋದಾಕೆ ಸಂಜೆ ಇನ್ನೊಮ್ಮೆ ಬಸ್ ಹತ್ತಿದರೆ ಎರಡು ಸಲ ಎಣಿಕೆಯಾಗುತ್ತಾಳೆ. ಹಾಗಾಗಿ ‘ಇಷ್ಟು ಮಹಿಳೆಯರು’ ಎಂದು ಬರೆಯಬಾರದು, ‘ಇಷ್ಟು ಪ್ರಯಾಣಗಳು’ ಎಂದೇ ಬರೆಯಬೇಕು. ವಾರದಲ್ಲಿ ಸಂತೆ ದಿನ ಸೇರಿರಲಿ, ಜಾತ್ರೆ ಅಥವಾ ಸಿಗಂದೂರಿಗೆ ಭಕ್ತರು ನುಗ್ಗುವ ರಜಾದಿನಗಳ ವಾರವನ್ನು ಬಿಡಿ. ಪ್ರವಾಸಿಗಳ ಲೆಕ್ಕ ಊರಿನವರ ಲೆಕ್ಕವನ್ನು ನುಂಗಿಬಿಡುತ್ತದೆ. ಆಷಾಢ ಶ್ರಾವಣದ ಮಳೆಯಲ್ಲಿ ಒಮ್ಮೆ, ಅಡಿಕೆ ಕೊಯ್ಲಿನ ಹೊತ್ತಿಗೆ ಒಮ್ಮೆ ಎಣಿಸಿದರೆ ಅಂಕಿಗೆ ಬಲ ಬರುತ್ತದೆ. ಬಸ್ ಬಾರದೆ ಇದ್ದ ಟ್ರಿಪ್ಪನ್ನೂ ‘ಬರಲಿಲ್ಲ’ ಎಂದು ಬರೆಯಲೇಬೇಕು. ಹೆಚ್ಚಿನವರು ಬಂದದ್ದನ್ನು ಮಾತ್ರ ಬರೆಯುತ್ತಾರೆ, ಮಳೆಗಾಲದ ಕತೆ ಇರುವುದೇ ಬಾರದ ಬಸ್ಸಿನಲ್ಲಿ.

ಕೊನೆಗೆ ಸಿಗುವುದು ಸರಳ ವಾಕ್ಯ: ಮಹಿಳೆಯರ ಒಟ್ಟು ಇಷ್ಟು ಪ್ರಯಾಣಗಳಲ್ಲಿ ಇಷ್ಟು ದುಡ್ಡು ಕೊಟ್ಟು ನಡೆದವು, ಅವುಗಳಲ್ಲಿ ಆಸ್ಪತ್ರೆಗೆ ಹೋದವು ಇಷ್ಟು. ಅದನ್ನು ಮನೆಯ ಖರ್ಚಿಗೆ ಹೊಂದಿಸಿ ತೋರಿಸಿ. ಹೋಗಿಬರುವ ಚಾರ್ಜು 60 ರೂಪಾಯಿ ಎಂದಿಟ್ಟುಕೊಳ್ಳಿ, ತಿಂಗಳಿಗೆ 20 ದಿನ ಹೋದರೆ 1,200 ರೂಪಾಯಿ. ವೃದ್ಧರಿಗೆ ತಿಂಗಳಿಗೆ ಸಿಗುವ ಸಂಧ್ಯಾ ಸುರಕ್ಷಾ ಪಿಂಚಣಿಯ ಮೊತ್ತವೂ 1,200. ಹೀಗೆ ಎದುರುಬದುರು ಇಟ್ಟರೆ ಜಿನೀವಾದ ಐಎಲ್‌ಒ ಕಚೇರಿಯಲ್ಲಿ ಕೂತ ಅಧಿಕಾರಿಗೂ ಅರ್ಥವಾಗುತ್ತದೆ.

ಸೂಚ್ಯಂಕಕ್ಕೆ ಕಾಣದ ಮನೆ

ಜಮೀನಿನ ಹಕ್ಕಿನ ವಿಷಯ ಇದಕ್ಕಿಂತ ಗಹನ. ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕದಲ್ಲಿ 12 ಸೂಚಕಗಳಿವೆ. ಆರೋಗ್ಯ, ಶಿಕ್ಷಣ, ಜೀವನಮಟ್ಟ ಎಂಬ ಮೂರು ಆಯಾಮಕ್ಕೆ ಮೂರನೇ ಒಂದರಂತೆ ತೂಕ. ಜೀವನಮಟ್ಟದಡಿ ಅಡುಗೆ ಇಂಧನ, ಶೌಚಾಲಯ, ನೀರು, ವಿದ್ಯುತ್, ಮನೆ, ಆಸ್ತಿ, ಬ್ಯಾಂಕ್ ಖಾತೆ ಎಂಬ ಏಳು, ಒಂದೊಂದಕ್ಕೆ 21ರಲ್ಲಿ ಒಂದು ಪಾಲು. ಒಟ್ಟು ಕೊರತೆ ಮೂರನೇ ಒಂದು ಪಾಲು ಮುಟ್ಟಿದರೆ ಮಾತ್ರ ಆ ಮನೆ ಬಡವರ ಪಟ್ಟಿಗೆ. ಮನೆ, ಶೌಚಾಲಯ, ಅಡುಗೆ ಇಂಧನ ಮೂರರಲ್ಲೂ ಕೊರತೆ ಇದ್ದರೂ ಮೊತ್ತ 21ರಲ್ಲಿ 3, ಅಂದರೆ ಶೇ. 14ರಷ್ಟೇ. ಇದೇ ಸೂಚ್ಯಂಕದ ಪ್ರಕಾರ ದೇಶದ ಬಡತನ 2015-16ರ ಶೇ. 24.85ರಿಂದ 2019-21ಕ್ಕೆ ಶೇ. 14.96ಕ್ಕೆ ಇಳಿದಿದೆ. ಅಂಕಿ ಸುಳ್ಳಲ್ಲ. ಆದರೆ ಕೂತ ನೆಲ ಯಾರದು ಎಂಬ ಪ್ರಶ್ನೆ ಈ 12ರಲ್ಲಿ ಎಲ್ಲೂ ಇಲ್ಲ.

ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದದ್ದು 1964ರಲ್ಲಿ. ಮುಳುಗಡೆಯಾದ ಊರುಗಳ ಜನರನ್ನು ಕಾಡಂಚಿನಲ್ಲಿ ಕೂರಿಸಿದರು. ಹಲವರಿಗೆ ಇಂದಿಗೂ ಹಕ್ಕುಪತ್ರ ನಿಕ್ಕಿಯಾಗಿಲ್ಲ. ಅರಣ್ಯ ಹಕ್ಕು ಕಾಯ್ದೆ 2006ರಂತೆ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು 75 ವರ್ಷದ ವಾಸವನ್ನು ತೋರಿಸಬೇಕು, ಅಂದರೆ 1930ರಿಂದ. ಸರ್ಕಾರವೇ 1960ರ ದಶಕದಲ್ಲಿ ಎಬ್ಬಿಸಿ ತಂದು ಬಿಟ್ಟ ಕುಟುಂಬ ಹೊಸ ಜಾಗದಲ್ಲಿ 1930ರ ದಾಖಲೆ ಎಲ್ಲಿಂದ ತರುತ್ತದೆ? ಮನೆಯಲ್ಲಿ ಕರೆಂಟು, ಗ್ಯಾಸು, ಬ್ಯಾಂಕ್ ಖಾತೆ ಎಲ್ಲ ಇರಬಹುದು. ಹಕ್ಕುಪತ್ರವಿಲ್ಲದೆ ಬೆಳೆಸಾಲ ಕಷ್ಟ, ವಸತಿ ಯೋಜನೆ ಕಷ್ಟ, ತೋಟಕ್ಕೆ ಎಲೆಚುಕ್ಕೆ ರೋಗ ಬಂದರೆ ಪರಿಹಾರ ಕೇಳುವುದೂ ಕಷ್ಟ. ಅಭಿವೃದ್ಧಿಗಾಗಿ ಸ್ಥಳಾಂತರಗೊಂಡವರನ್ನು ಪ್ರತ್ಯೇಕವಾಗಿ ಎಣಿಸಬೇಕು ಎಂಬುದು ಮಲೆನಾಡು ಜಗತ್ತಿಗೆ ಹೇಳಬೇಕಾದ ಮೊದಲ ಮಾತು ಎಂದು ನಾವು ಭಾವಿಸುತ್ತೇವೆ. ಅಣೆಕಟ್ಟಿನಿಂದ ಎದ್ದುಹೋದವರು ಎಲ್ಲ ಖಂಡಗಳಲ್ಲೂ ಇದ್ದಾರೆ. ಈ ಬೇಡಿಕೆಗೆ ಜೊತೆಗಾರರು ಸಿಗುತ್ತಾರೆ.

ಮಂಗನ ಕಾಯಿಲೆಯದೂ ಇಂಥದೇ ಇನ್ನೊಂದು ಎಳೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ರೋಗ ವಿಶ್ವ ಆರೋಗ್ಯ ಸಂಸ್ಥೆಯ ನಿರ್ಲಕ್ಷಿತ ಉಷ್ಣವಲಯ ರೋಗಗಳ ಪಟ್ಟಿಯಲ್ಲೂ ಇಲ್ಲ.

ಲೆಕ್ಕಕ್ಕೆ ಸರ್ಕಾರಿ ಮೊಹರು

ಸಂಘಟನೆಯೊಂದು ತಾನೇ ಎಣಿಸಿದ ಅಂಕಿಯನ್ನು ಸರ್ಕಾರಗಳು ಸುಲಭವಾಗಿ ತಳ್ಳಿಹಾಕುತ್ತವೆ. ಅದೇ ಅಂಕಿ ಗ್ರಾಮಸಭೆಯ ನಡಾವಳಿಯಲ್ಲಿ ಇದ್ದರೆ ತಳ್ಳಿಹಾಕುವುದು ಕಷ್ಟ. ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯಂತೆ ವಾರ್ಡ್ ಸಭೆ, ಗ್ರಾಮಸಭೆ ಎರಡೂ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಸಭೆಗೆ ಕನಿಷ್ಠ ಹತ್ತು ದಿನ ಮೊದಲು ಪಿಡಿಒಗೆ ಲಿಖಿತ ಅರ್ಜಿ ಕೊಟ್ಟು, ವಿಷಯವನ್ನು ಕಾರ್ಯಸೂಚಿಗೆ ಸೇರಿಸಿಸಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಹೇಳಿದ್ದು ‘ಇತರೆ ವಿಷಯ’ದಲ್ಲಿ ಕರಗಿಹೋಗುತ್ತದೆ. ಸಭೆಯಲ್ಲಿ ಎಣಿಕೆಯ ಹಾಳೆಯನ್ನು ಓದಿ, ಅದನ್ನು ಲಗತ್ತಿಸಿ ಠರಾವು ಮಾಡಬೇಕೆಂದು ಕೇಳಿ. ಠರಾವಿನ ಸಂಖ್ಯೆ ಮತ್ತು ದಿನಾಂಕ ಇಲ್ಲದ ನಡಾವಳಿಯಿಂದ ಮುಂದೆ ಉಪಯೋಗವಿಲ್ಲ. ವಾರದೊಳಗೆ ನಡಾವಳಿಯ ದೃಢೀಕೃತ ನಕಲು ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ, ಗಡುವು 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಮಿತಿ. ನಡಾವಳಿ ಜೊತೆಗೆ ಹಕ್ಕುಪತ್ರದ ಅರ್ಜಿಗಳೆಷ್ಟು ಎಂದೂ ಅದರಲ್ಲೇ ಕೇಳಿದರೆ ಹಿಂಬರಹ ಬರೆದು ವಾಪಸು ಕಳಿಸುತ್ತಾರೆ, ತಿಂಗಳು ವ್ಯರ್ಥ.

ಅರಣ್ಯ ಹಕ್ಕಿನ ಸಭೆಯಾದರೆ ಕೋರಂ ಕಟ್ಟುನಿಟ್ಟು: ಸದಸ್ಯರಲ್ಲಿ ಅರ್ಧಕ್ಕಿಂತ ಕಡಿಮೆ ಇರಬಾರದು, ಹಾಜರಿದ್ದವರಲ್ಲಿ ಮೂರನೇ ಒಂದು ಮಹಿಳೆಯರಿರಬೇಕು. ಹಾಜರಿ ಪುಸ್ತಕದ ಸಹಿಗಳನ್ನು ಅಲ್ಲೇ ಎಣಿಸಿ ನಡಾವಳಿಯಲ್ಲಿ ಸಂಖ್ಯೆ ಬರೆಸದಿದ್ದರೆ ಮುಂದೆ ಉಪವಿಭಾಗ ಮಟ್ಟದಲ್ಲಿ ಇದೇ ಕಾರಣಕ್ಕೆ ಕಡತ ಬಿದ್ದುಹೋಗಬಹುದು.

ಇನ್ನೊಂದು ಮೊಹರು ಸಂಸತ್ತಿನದು. ಲೋಕಸಭೆಯಲ್ಲಿ ಪ್ರಶ್ನೆಗೆ ಕನಿಷ್ಠ 15 ದಿನದ ನೋಟಿಸು ಬೇಕು. ಅಧಿವೇಶನ ಶುರುವಾಗುವ ತಿಂಗಳು ಮೊದಲೇ ನಿಮ್ಮ ಸಂಸದರ ಕಚೇರಿಗೆ ಒಂದು ಪುಟದ ಟಿಪ್ಪಣಿ, ಗ್ರಾಮಸಭೆಯ ಠರಾವು, ಸಿದ್ಧ ಪ್ರಶ್ನೆ ಮೂರನ್ನೂ ಕೊಡಿ. ಪ್ರಶ್ನೆ ನೀವೇ ಬರೆದುಕೊಟ್ಟರೆ ಹೋಗುವ ಸಾಧ್ಯತೆ ಹೆಚ್ಚು. ಸಚಿವರು ಕೊಟ್ಟ ಲಿಖಿತ ಉತ್ತರ, ಅದು ‘ಮಾಹಿತಿ ಲಭ್ಯವಿಲ್ಲ’ ಎಂದೇ ಇರಲಿ, ದಾಖಲೆಯಾಗುತ್ತದೆ. ಸ್ಥಳಾಂತರಗೊಂಡವರ ಲೆಕ್ಕವನ್ನು ಪ್ರತ್ಯೇಕವಾಗಿ ಇಟ್ಟಿಲ್ಲ ಎಂದು ಸರ್ಕಾರವೇ ಹೇಳಿದರೆ, ಪ್ರತ್ಯೇಕ ಎಣಿಕೆ ಬೇಕೆಂಬ ವಾದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಯಾರ ಕೈಗೆ ಕೊಡುವುದು?

ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯಲ್ಲಿ ಸಮಾಲೋಚಕ ಸ್ಥಾನಮಾನ ಪಡೆದ ಸಂಸ್ಥೆಗಳು ನೇರವಾಗಿ ಲಿಖಿತ ಹೇಳಿಕೆ ಸಲ್ಲಿಸಬಹುದು. ಸ್ಥಾನಮಾನದಲ್ಲಿ ಮೂರು ಬಗೆ: ಸಾಮಾನ್ಯ, ವಿಶೇಷ, ಪಟ್ಟಿ. ಮಂಡಳಿಯ ಆಯೋಗಗಳಿಗೆ ಸಲ್ಲಿಸುವ ಹೇಳಿಕೆ ಸಾಮಾನ್ಯ ಸ್ಥಾನಮಾನದವರಿಗೆ 2,000 ಪದ, ವಿಶೇಷದವರಿಗೆ 1,500 ಪದ. ಈ ಸ್ಥಾನಮಾನಕ್ಕೆ ಅರ್ಜಿ ಹಾಕಲು ನೋಂದಣಿಯಾಗಿ ಎರಡು ವರ್ಷ ಆಗಿರಬೇಕು. ಬೈಲಾ, ನೋಂದಣಿ ಪತ್ರ, ಲೆಕ್ಕಪತ್ರ ಇಂಗ್ಲಿಷ್‌ನಲ್ಲೋ ಫ್ರೆಂಚ್‌ನಲ್ಲೋ ಇರಬೇಕು. ಜೂನ್ 1ರೊಳಗೆ ಅರ್ಜಿ ಕೊಟ್ಟರೆ 19 ದೇಶಗಳ ಸಮಿತಿ ಮುಂದಿನ ವರ್ಷ ಪರಿಶೀಲಿಸುತ್ತದೆ. ಸಮಿತಿಯ ಯಾವ ದೇಶವಾದರೂ ಪ್ರಶ್ನೆ ಕೇಳಿದರೆ ಕಡತ ಮುಂದಕ್ಕೆ ಹೋಗುತ್ತದೆ, ವರ್ಷಗಳೇ ಉರುಳಬಹುದು. ಸಿಕ್ಕ ಮೇಲೂ ಸಾಮಾನ್ಯ ಮತ್ತು ವಿಶೇಷ ಸ್ಥಾನಮಾನದವರು ನಾಲ್ಕು ವರ್ಷಕ್ಕೊಮ್ಮೆ ವರದಿ ಕೊಡಬೇಕು, ತಪ್ಪಿದರೆ ಅಮಾನತು.

ತಾಲ್ಲೂಕು ಮಟ್ಟದ ಸಂಘಕ್ಕೆ ಈ ಹಾದಿ ನಾವು ಸೂಚಿಸುವುದಿಲ್ಲ. ಸ್ಥಾನಮಾನ ಈಗಾಗಲೇ ಇರುವವರ ಹೇಳಿಕೆಗೆ ಜಂಟಿಯಾಗಿ ಸೇರುವುದು ವಾಸಿ. ನ್ಯೂಯಾರ್ಕಿನಲ್ಲಿ ಸಾಮಾಜಿಕ ಅಭಿವೃದ್ಧಿ ಕುರಿತ ಎನ್‌ಜಿಒ ಸಮಿತಿ ಇದೆ. ಏಷ್ಯಾ–ಪೆಸಿಫಿಕ್ ವಲಯಕ್ಕೆ ಬ್ಯಾಂಕಾಕ್ ಸುತ್ತ ಕೆಲಸ ಮಾಡುವ ನಾಗರಿಕ ಸಂಘಟನೆಗಳ ವೇದಿಕೆ ಎಪಿಆರ್‌ಸಿಇಎಂ ಇದೆ. ದೇಶದೊಳಗೆ ಸರ್ಕಾರದ ಭರವಸೆಗಳ ಮೇಲೆ ಕಣ್ಣಿಡುವ ಸಂಘಟನೆಗಳ ಒಕ್ಕೂಟ ವಾದಾ ನ ತೋಡೋ ಅಭಿಯಾನ ಇದೆ. 2030ರೊಳಗೆ ಮುಟ್ಟಬೇಕೆಂದು ದೇಶಗಳು ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳ ಬಗ್ಗೆ ಭಾರತ 2017, 2020, 2025ರಲ್ಲಿ ವಿಶ್ವಸಂಸ್ಥೆಗೆ ಸ್ವಯಂಪ್ರೇರಿತ ರಾಷ್ಟ್ರೀಯ ವರದಿ ಕೊಟ್ಟಿದೆ; ನೀತಿ ಆಯೋಗ ಅದನ್ನು ತಯಾರಿಸುವಾಗ ಇಂಥ ಒಕ್ಕೂಟಗಳ ಮೂಲಕ ಜಿಲ್ಲೆಯ ಮಾತನ್ನು ದಾಟಿಸಬಹುದು.

ಆಶಾ, ಅಂಗನವಾಡಿ, ಬಿಸಿಯೂಟದ ಕಾರ್ಯಕರ್ತೆಯರಿಗೆ ಇದಕ್ಕಿಂತ ನೇರ ದಾರಿ ಉಂಟು. ಐಎಲ್‌ಒದಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರಿಗೂ ಮತವಿದೆ. ನಿಮ್ಮ ಸಂಘ ರಾಷ್ಟ್ರೀಯ ಕಾರ್ಮಿಕ ಕೇಂದ್ರವೊಂದಕ್ಕೆ ಸೇರಿದ್ದರೆ ಪ್ರತಿ ಜೂನ್‌ನಲ್ಲಿ ಜಿನೀವಾದಲ್ಲಿ ನಡೆಯುವ ಕಾರ್ಮಿಕ ಸಮ್ಮೇಳನಕ್ಕೆ ನಿಮ್ಮ ಅಂಕಿ ತಲುಪಿಸಬಹುದು. ‘ಗೌರವಧನ’ವನ್ನು ವೇತನ ಎಂದು ಪರಿಗಣಿಸಬೇಕೇ ಎಂಬ ಚರ್ಚೆ ಅಲ್ಲಿ ಪರಕೀಯವಲ್ಲ, ಆರೈಕೆಯ ದುಡಿಮೆಯ ಬಗ್ಗೆ 2024ರಲ್ಲಿ ಆ ಸಮ್ಮೇಳನ ನಿರ್ಣಯವನ್ನೇ ಮಾಡಿದೆ.

ಕಾಗದಪತ್ರದ ತೊಡಕುಗಳಲ್ಲಿ ಎರಡನ್ನು ಮೊದಲೇ ಬಗೆಹರಿಸಿಕೊಳ್ಳಿ. ಒಂದು, ಹೆಸರು. ಜಿಲ್ಲೆಯ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಿಂದ ಶಿಮೊಗ ಹೋಗಿ ಶಿವಮೊಗ್ಗ ಆಯಿತು. ಹಳೆಯ ನೋಂದಣಿ ಪತ್ರದಲ್ಲಿ ಒಂದು, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು ಇದ್ದರೆ ವಿದೇಶದ ಪರಿಶೀಲಕರಿಗೆ ಅವು ಎರಡು ಸಂಸ್ಥೆಗಳಂತೆ ಕಾಣುತ್ತವೆ. ನೋಟರಿ ಮಾಡಿಸಿದ ಪ್ರಮಾಣಪತ್ರವೊಂದನ್ನು ಜೊತೆಗಿಡಿ. ಇನ್ನೊಂದು, ವಿದೇಶಿ ಹಣ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ, ಅಂದರೆ ಎಫ್‌ಸಿಆರ್‌ಎ ಅಡಿ, ನೋಂದಣಿಯೋ ಪೂರ್ವಾನುಮತಿಯೋ ಇಲ್ಲದ ಸಂಘದ ಖಾತೆಗೆ ವಿದೇಶಿ ಸಂಸ್ಥೆಯ ಪ್ರಯಾಣ ಖರ್ಚೂ ಜಮಾ ಆಗುವಂತಿಲ್ಲ. ಇದಕ್ಕಿಂತ ಕಡಿಮೆ ಜನಕ್ಕೆ ತಿಳಿದ ವಿಷಯ: ಆ ಕಾಯ್ದೆಯಲ್ಲಿ ‘ಶಾಸನಸಭೆ’ ಎಂಬ ಪದದ ವ್ಯಾಖ್ಯೆಯೊಳಗೆ ಪಂಚಾಯಿತಿಯೂ ಸೇರಿದೆ. ಹಾಗಾಗಿ ಗ್ರಾಮ ಪಂಚಾಯಿತಿ ಸದಸ್ಯೆಯೊಬ್ಬರು ವಿದೇಶಿ ಸಂಸ್ಥೆಯ ಖರ್ಚಿನಲ್ಲಿ ಬ್ಯಾಂಕಾಕಿಗೆ ಹೋಗಬೇಕಾದರೂ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ಗೊತ್ತಿಲ್ಲದೆ ಹೋಗಿಬಂದರೆ ತೊಂದರೆ ಆಕೆಯದೇ ಹೊರತು ಕರೆದವರದಲ್ಲ.

ಆರು ಸಾಲಿನ ಪ್ಯಾರಾ

ಕಳಿಸುವ ಬರಹ ಒಂದು ಪುಟ ಮೀರಬಾರದು, ಅದರ ಹೃದಯ ಆರು ಸಾಲಿನಲ್ಲಿರಬೇಕು. ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಕನ್ನಡವಿಲ್ಲ. ಮೊದಲು ಕನ್ನಡದಲ್ಲೇ ಬರೆದು, ಎಣಿಸಿದವರಿಗೆ ಓದಿ ಹೇಳಿ, ಅವರು ಸರಿ ಎಂದ ಮೇಲೆ ಇಂಗ್ಲಿಷಿಗೆ ತನ್ನಿ. ನೇರವಾಗಿ ಇಂಗ್ಲಿಷಿನಲ್ಲಿ ಬರೆದದ್ದರಲ್ಲಿ ‘ಸಬಲೀಕರಣ’, ‘ಸಮಗ್ರ’ ಎಂಬಂಥ ಪದಗಳು ಉಬ್ಬಿ, ಬಸ್ಸು ಮಾಯವಾಗುತ್ತದೆ. ಆರು ಸಾಲಿನ ಚೌಕಟ್ಟು ಹೀಗಿರಲಿ:

‘ಸಾಗರ ತಾಲ್ಲೂಕಿನ (ಇಂಥ) ಗ್ರಾಮ ಪಂಚಾಯಿತಿಯ ಒಂದು ಬಸ್ ನಿಲ್ದಾಣದಲ್ಲಿ 7 ದಿನ, 98 ಗಂಟೆ ಎಣಿಸಲಾಯಿತು. ಮಹಿಳೆಯರ (ಇಷ್ಟು) ಪ್ರಯಾಣಗಳಲ್ಲಿ (ಇಷ್ಟು) ಉಚಿತ ಟಿಕೆಟ್ ಇಲ್ಲದ ಬಸ್ಸಿನಲ್ಲಿ ನಡೆದವು. ಗ್ರಾಮಸಭೆ ಇದನ್ನು ಠರಾವು ಸಂಖ್ಯೆ (ಇಂಥದು), ದಿನಾಂಕ (ಇಂಥದು) ರಂದು ದಾಖಲಿಸಿದೆ. ಸೌಲಭ್ಯದ ವ್ಯಾಪ್ತಿಯನ್ನು ಮಾತ್ರ ಅಳೆಯುವ ಸೂಚಕಕ್ಕೆ ಇದು ಕಾಣುವುದಿಲ್ಲ. ಬಡತನವು ಸೇವೆಗಳ ಲಭ್ಯತೆಯನ್ನೂ ಅವಲಂಬಿಸಿದೆ ಎಂದು ಕೋಪನ್‌ಹೇಗನ್ ಕಾರ್ಯಕ್ರಮದ 19ನೇ ಪ್ಯಾರಾ ಒಪ್ಪಿದೆ. ಆದ್ದರಿಂದ ಕರಡಿನ (ಇಂಥ) ಪ್ಯಾರಾದಲ್ಲಿ “ವ್ಯಾಪ್ತಿ” ಎಂಬುದರ ಮುಂದೆ “ಮತ್ತು ವಾಸ್ತವ ಬಳಕೆ” ಎಂದು ಸೇರಿಸಬೇಕು.’

ಕೊನೆಯ ಸಾಲೇ ಮುಖ್ಯ. ಯಾವ ಪ್ಯಾರಾ, ಯಾವ ಪದದ ಮುಂದೆ, ಯಾವ ಪದ ಎಂದು ಹೇಳದ ಮನವಿಯನ್ನು ಸಹಾನುಭೂತಿಯಿಂದ ಓದಿ ಪಕ್ಕಕ್ಕಿಡುತ್ತಾರೆ. ಮೂರು ಪದ ಕೇಳಿದರೆ ಯಾರಾದರೊಬ್ಬ ರಾಯಭಾರಿ ಅದನ್ನು ತನ್ನ ದೇಶದ ತಿದ್ದುಪಡಿಯೊಳಗೆ ಸೇರಿಸಿಕೊಂಡಾನು. ಈ ಹಾಳೆಯನ್ನು ಒಕ್ಕೂಟಕ್ಕೆ ಕಳಿಸುವ ದಿನವೇ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೂ ವಿದೇಶಾಂಗ ಸಚಿವಾಲಯಕ್ಕೂ ಕಳಿಸಿ. ಮಾತುಕತೆಯ ಮೇಜಿನಲ್ಲಿ ಕೂರುವುದು ದೇಶದ ನಿಯೋಗ. ಸ್ವಂತ ಸರ್ಕಾರಕ್ಕೆ ತಿಳಿಸದೆ ಹೊರಗಿನಿಂದ ಬಂದ ಟಿಪ್ಪಣಿಯನ್ನು ಆ ನಿಯೋಗ ಅನುಮಾನದಿಂದ ನೋಡುತ್ತದೆ, ಅದರಿಂದ ಊರಿಗೇ ನಷ್ಟ.

ದೋಹಾ ಮುಗಿಯಿತು, ಇನ್ನೇನು ಎಂದು ಕೇಳುವವರಿಗೆ ಕ್ಯಾಲೆಂಡರ್ ಉತ್ತರ ಹೇಳುತ್ತದೆ. 46 ದೇಶಗಳ ಸಾಮಾಜಿಕ ಅಭಿವೃದ್ಧಿ ಆಯೋಗ ಪ್ರತಿ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಸೇರುತ್ತದೆ. ಲಿಖಿತ ಹೇಳಿಕೆಗಳನ್ನು ಅದರ ಹಿಂದಿನ ಮಳೆಗಾಲ ಮುಗಿಯುತ್ತಿದ್ದಂತೆ, ನವರಾತ್ರಿ ದೀಪಾವಳಿಯ ಹೊತ್ತಿಗೆ ಕೇಳುತ್ತಾರೆ. ಜುಲೈನಲ್ಲಿ ಸುಸ್ಥಿರ ಅಭಿವೃದ್ಧಿಯ ಉನ್ನತ ಮಟ್ಟದ ವೇದಿಕೆ ಇದೆ. ಎಲ್ಲಕ್ಕಿಂತ ಮಹತ್ವದ್ದು 2027ರ ಸೆಪ್ಟೆಂಬರ್‌ನಲ್ಲಿ ಸೇರುವ ಇದೇ ವೇದಿಕೆ: 2030ರ ಗುರಿಗಳ ನಂತರ ಏನು ಎಂಬ ಮಾತನ್ನು ಅಲ್ಲಿ ಎತ್ತಬೇಕೆಂದು 2024ರ ‘ಭವಿಷ್ಯಕ್ಕಾಗಿ ಒಪ್ಪಂದ’ದಲ್ಲಿ ದೇಶಗಳು ತೀರ್ಮಾನಿಸಿವೆ. ಆ ಕರಡಿನ ಮೊದಲ ಟಿಪ್ಪಣಿ ಬರುವುದರೊಳಗೆ ಎರಡು ಋತುವಿನ ಎಣಿಕೆ, ಒಂದು ಠರಾವು, ಒಂದು ಸಂಸತ್ ಉತ್ತರ ಕೈಯಲ್ಲಿರಬೇಕು. ಹಿಂದಿನಿಂದ ಲೆಕ್ಕ ಹಾಕಿದರೆ ನೋಟ್‌ಬುಕ್ಕಿಗೆ ಗೆರೆ ಎಳೆಯಬೇಕಾದದ್ದು ಮುಂದಿನ ಗ್ರಾಮಸಭೆಗೆ ಮೊದಲು. ಅದು ಯಾವ ದಿನ ಎಂದು ಪಂಚಾಯಿತಿಯಲ್ಲಿ ನಾಳೆಯೇ ಕೇಳಬಹುದು.